ಭಾರತ–ಚಿಲಿ ಒಪ್ಪಂದ: ಒಂದು ಕಂಟೇನರಿನ ಲೆಕ್ಕದಲ್ಲಿ ಸಿಗುವುದೆಷ್ಟು, ಕೈತಪ್ಪುವುದೆಲ್ಲಿ?

1 · ಕಪ್ಪೆಚಿಪ್ಪು

ಆಯ್ದ ಸರಕುಗಳಿಗೆ ಸುಂಕ ಇಳಿಸುವ ಭಾರತ–ಚಿಲಿ ಆದ್ಯತಾ ವ್ಯಾಪಾರ ಒಪ್ಪಂದ 2007ರಿಂದ ಜಾರಿಯಲ್ಲಿದೆ. 2017ರಲ್ಲಿ ಅದರ ಪಟ್ಟಿ ದೊಡ್ಡದಾಯಿತು. 2025ರ ಮೇ 8ರಂದು ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದ, ಅಂದರೆ ಸೆಪಾದ, ಮಾತುಕತೆಗೆ ಚೌಕಟ್ಟು ಸಹಿಯಾಗಿ, ಅದೇ ತಿಂಗಳ ಕೊನೆಗೆ ದೆಹಲಿಯಲ್ಲಿ ಮೊದಲ ಸುತ್ತೂ ಮುಗಿಯಿತು. ಪತ್ರಿಕೆಗಳಲ್ಲಿ ಬರುವುದೆಲ್ಲ "ಸಾವಿರಾರು ಸರಕುಗಳಿಗೆ ರಿಯಾಯಿತಿ" ಎಂಬಲ್ಲಿಗೇ ನಿಂತುಬಿಡುತ್ತದೆ.

ಸುಮಾರು 17,000 ಕಿ.ಮೀ. ಆಚೆಯ ದೇಶಕ್ಕೆ ಒಂದು ಸರಕು ಹೋಗುವಾಗ, ಅಲ್ಲಿಂದ ಬರುವಾಗ, ಈ ಒಪ್ಪಂದ ಎಷ್ಟು ಹಣ ಉಳಿಸುತ್ತದೆ? ಎಲ್ಲಿ ಕೈಕೊಡುತ್ತದೆ? ಬಲ್ಲವರು ಅಂಕಿ ಸಮೇತ ಬರೆಯಿರಿ. ತಾಮ್ರ, ಲಿಥಿಯಂ ವಿಷಯವೂ ಬರಲಿ.

2 · ಸುಂಕದ ಬಂಕಣ್ಣ

ಮೊದಲು ದಿನಾಂಕಗಳು. ಚೌಕಟ್ಟು ಒಪ್ಪಂದ 2005ರ ಜನವರಿಯಲ್ಲಿ, ಆದ್ಯತಾ ಒಪ್ಪಂದಕ್ಕೆ ಸಹಿ 2006ರ ಮಾರ್ಚ್ 8ಕ್ಕೆ, ಜಾರಿ 2007ರ ಆಗಸ್ಟ್–ಸೆಪ್ಟೆಂಬರಿನಲ್ಲಿ. ಭಾರತದ ಕಡೆಯ ಅಧಿಸೂಚನೆ 101/2007-ಕಸ್ಟಮ್ಸ್. ವಿಸ್ತರಣೆಗೆ ಸಹಿ 2016ರ ಸೆಪ್ಟೆಂಬರ್ 6, ಜಾರಿ 2017ರ ಮೇ 16. ಮೊದಲ ಸಲ ಸಹಿಯಿಂದ ಜಾರಿಗೆ ಒಂದೂವರೆ ವರ್ಷ ಹಿಡಿಯಿತು, ಎರಡನೇ ಸಲ ಎಂಟು ತಿಂಗಳು. ಸಹಿಯಾದ ಸುದ್ದಿ ಓದಿ ದರ ಕೋಟ್ ಮಾಡುವವರು ಎಡವುವುದು ಇಲ್ಲೇ. ನೋಡಬೇಕಾದ್ದು ಅಧಿಸೂಚನೆಯನ್ನು, ಸುದ್ದಿಯನ್ನಲ್ಲ.

ಈಗಿನ ಪಟ್ಟಿಯಲ್ಲಿ ಚಿಲಿ ನಮಗೆ 1,798 ಸುಂಕ ಸಾಲುಗಳಲ್ಲಿ (ಸುಂಕಪಟ್ಟಿಯಲ್ಲಿ ಒಂದೊಂದು ಬಗೆಯ ಸರಕಿಗೂ ಒಂದೊಂದು ಸಾಲು) ಶೇ 30ರಿಂದ 100ರವರೆಗೆ ರಿಯಾಯಿತಿ ಕೊಟ್ಟಿದೆ. ನಾವು ಅವರಿಗೆ 1,031 ಸಾಲುಗಳಲ್ಲಿ ಶೇ 10ರಿಂದ 100ರವರೆಗೆ ಕೊಟ್ಟಿದ್ದೇವೆ. 2007ರಲ್ಲಿ ಇದು 296 ಮತ್ತು 178 ಇತ್ತು.

ಈ ಶೇಕಡಾವಾರನ್ನು ಹೊಸಬರು ತಪ್ಪಾಗಿ ಓದುತ್ತಾರೆ. ಶೇ 80 ರಿಯಾಯಿತಿ ಎಂದರೆ ಸಾಮಾನ್ಯ ಸುಂಕದಲ್ಲಿ ಶೇ 80 ಭಾಗ ಬಿಟ್ಟುಕೊಡುವುದು. ಚಿಲಿಯ ಸಾಮಾನ್ಯ ಸುಂಕ ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ, ಶೇ 6. ಅದರಲ್ಲಿ ಶೇ 80 ಕಳೆದರೆ ಉಳಿಯುವುದು ಶೇ 1.2. ಶೇ 30 ರಿಯಾಯಿತಿಯಾದರೆ ಶೇ 4.2. ಸೊನ್ನೆ ಆಗುವುದು ಶೇ 100 ಎಂದು ಬರೆದಿರುವ ಸಾಲಿಗೆ ಮಾತ್ರ.

3 · ಲಂಗರು

ಇದಕ್ಕೇ ನಾನು ಈ ಒಪ್ಪಂದದ ಬಗ್ಗೆ ಅಷ್ಟೇನೂ ತಲೆಕೆಡಿಸಿಕೊಳ್ಳಬೇಕಿಲ್ಲ ಎನ್ನುವುದು. ಒಟ್ಟು ಸುಂಕವೇ ಶೇ 6. ಮುಂದ್ರಾ ಅಥವಾ ನವಾ ಶೇವಾದಿಂದ ಚಿಲಿಯ ಸಾನ್ ಆಂಟೋನಿಯೋ ಬಂದರಿಗೆ ನೇರ ಹಡಗು ಸಿಗುವುದು ಅಪರೂಪ. ಕಂಟೇನರು ಏಷ್ಯಾದ ಯಾವುದೋ ದೊಡ್ಡ ಬಂದರಿನಲ್ಲಿ ಇಳಿದು ಇನ್ನೊಂದು ಹಡಗು ಹತ್ತುತ್ತದೆ. ಒಟ್ಟು 45 ದಿನದಿಂದ ಎರಡು ತಿಂಗಳು. ನಡುವೆ ಒಂದು ಹಡಗು ತಪ್ಪಿ ವಾರಗಟ್ಟಲೆ ಕೂತರೆ ಆ ನಷ್ಟದ ಮುಂದೆ ಶೇ 6 ಏನೂ ಅಲ್ಲ. ದೂರ ನುಂಗುವುದು ದಿನಗಳನ್ನು. ಸುಂಕ ಆಮೇಲಿನ ಮಾತು.

4 · ಸುಂಕದ ಬಂಕಣ್ಣ

ಲಂಗರು ಅವರೇ, ಶೇ 6ನ್ನು ಒಂಟಿಯಾಗಿ ನಿಲ್ಲಿಸಿ ನೋಡಬೇಡಿ. ಪಕ್ಕದಲ್ಲಿ ಯಾರು ನಿಂತಿದ್ದಾರೆ ನೋಡಿ. ಚೀನಾ–ಚಿಲಿ ಮುಕ್ತ ವ್ಯಾಪಾರ ಒಪ್ಪಂದ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಯುರೋಪ್, ಅಮೆರಿಕ, ಕೊರಿಯಾ, ಜಪಾನ್ ಎಲ್ಲರ ಜೊತೆಗೂ ಚಿಲಿಗೆ ಇಂಥ ಒಪ್ಪಂದವಿದೆ. ಹೆಸರಿಗೆ ಶೇ 6, ಅದನ್ನು ಪೂರ್ತಿ ಕಟ್ಟುವವರು ಬೆರಳೆಣಿಕೆಯಷ್ಟು ಜನ.

ಲೆಕ್ಕ ಹಾಕೋಣ. ಸಿಐಎಫ್ ಬೆಲೆ, ಅಂದರೆ ವಿಮೆ ಮತ್ತು ಹಡಗಿನ ಬಾಡಿಗೆ ಸೇರಿದ ಬೆಲೆ, 1,00,000 ಡಾಲರಿನ ಸರಕು.

ರಿಯಾಯಿತಿ ಇಲ್ಲದೆ: ಸುಂಕ 6,000. ಅದರ ಮೇಲೆ ಚಿಲಿಯ ಮೌಲ್ಯವರ್ಧಿತ ತೆರಿಗೆ ಶೇ 19, ಅಂದರೆ 1,06,000ದ ಮೇಲೆ 20,140.
ಶೇ 80 ರಿಯಾಯಿತಿಯಲ್ಲಿ: ಸುಂಕ 1,200, ತೆರಿಗೆ 19,228.
ಚೀನಾದ ಸರಕು: ಸುಂಕ ಸೊನ್ನೆ, ತೆರಿಗೆ 19,000.

ತೆರಿಗೆಯ ಭಾಗವನ್ನು ಅಲ್ಲಿಯ ಆಮದುದಾರ ಮಾರಾಟದಲ್ಲಿ ಹೊಂದಿಸಿಕೊಳ್ಳುತ್ತಾನೆ, ಅದು ನಿಜವಾದ ಖರ್ಚಲ್ಲ. ಕೈಯಿಂದ ಹೋಗುವುದು ಸುಂಕ ಮಾತ್ರ: 6,000, 1,200, ಸೊನ್ನೆ. ನೂಲು, ಟೈರು, ಸಿದ್ಧ ಉಡುಪಿನಂಥ ಕಡೆ ಲಾಭವೇ ನೂರಕ್ಕೆ ಐದಾರು ಇರುವಾಗ 4,800 ಡಾಲರ್ ಸಣ್ಣದಲ್ಲ. ಹಡಗಿನ ಬಾಡಿಗೆ, ದಿನಗಳ ತೊಂದರೆ ಚೀನಾದವನಿಗೂ ಇದೆ, ನಮಗಿಂತ ಕೊಂಚ ಕಡಿಮೆ ಇರಬಹುದು ಅಷ್ಟೆ.

5 · ಲಂಗರು

ಒಪ್ಪಿದೆ, ಪ್ರತಿಸ್ಪರ್ಧಿಯ ಲೆಕ್ಕ ಬಿಟ್ಟಿದ್ದೆ. ಆದರೆ ಆ 4,800 ಸಿಗುವುದು ಮೂಲ ಪ್ರಮಾಣಪತ್ರ, ಅಂದರೆ ಸರಕು ಭಾರತದ್ದೇ ಎಂಬ ಕಾಗದ, ಸರಿಯಾಗಿದ್ದರೆ ತಾನೆ? ಅದನ್ನೂ ಬರೆಯಿರಿ.

6 · ಸುಂಕದ ಬಂಕಣ್ಣ

ಸಾಮಾನ್ಯ ನಿಯಮದಲ್ಲಿ ಎರಡು ಷರತ್ತು, ಎರಡೂ ಒಟ್ಟಿಗೆ ಪೂರೈಸಬೇಕು. ಹೊರದೇಶದ ಕಚ್ಚಾವಸ್ತುವಿನ ಬೆಲೆ ಎಫ್‌ಒಬಿ ಬೆಲೆಯ (ಹಡಗು ಹತ್ತಿಸುವವರೆಗಿನ ಬೆಲೆ) ಶೇ 60 ಮೀರಬಾರದು. ಜೊತೆಗೆ ಆ ವಸ್ತುಗಳ ಎಚ್‌ಎಸ್ ಕೋಡ್, ಅಂದರೆ ಸರಕುಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ನಾಲ್ಕಂಕಿ ಮಟ್ಟದಲ್ಲಿ ಬದಲಾಗಿರಬೇಕು.

ಮೊದಲನೆಯದು ಸುಲಭ. ಎಫ್‌ಒಬಿ 1,000 ಡಾಲರ್, ಹೊರಗಿನ ಬಿಡಿಭಾಗ 620 ಆದರೆ ಬಿತ್ತು, 590 ಆದರೆ ದಾಟಿತು. ಜನ ಸಿಕ್ಕಿಬೀಳುವುದು ಎರಡನೆಯದರಲ್ಲಿ. ಟೈರು ತೆಗೆದುಕೊಳ್ಳಿ: ನೈಸರ್ಗಿಕ ರಬ್ಬರು 4001, ಟೈರು 4011, ಕೋಡ್ ಬದಲಾಯಿತು, ತಕರಾರಿಲ್ಲ. ನೀರೆತ್ತುವ ಪಂಪು ತೆಗೆದುಕೊಳ್ಳಿ: ಪಂಪು 8413, ಪಂಪಿನ ಬಿಡಿಭಾಗಗಳೂ 8413ರಲ್ಲೇ. ಹೊರಗಿನಿಂದ ಇಂಪೆಲ್ಲರ್, ಕೇಸಿಂಗ್ ತರಿಸಿ ಇಲ್ಲಿ ಜೋಡಿಸಿದರೆ ಬೆಲೆಯ ಷರತ್ತು ದಾಟಿದರೂ ಕೋಡಿನ ಷರತ್ತಿನಲ್ಲಿ ಫೇಲು. ಅದೇ ಪಂಪಿಗೆ ಹೊರಗಿನ ಮೋಟಾರು ಹಾಕಿದರೆ ತೊಂದರೆಯಿಲ್ಲ, ಮೋಟಾರು 8501. ಅದಕ್ಕೇ ಬಿಡಿಭಾಗಗಳ ಪಟ್ಟಿಯನ್ನು ಕೋಡ್ ಸಮೇತ ಮೊದಲೇ ಬರೆದಿಟ್ಟುಕೊಳ್ಳಿ. ಅರ್ಜಿ ಹಾಕುವ ದಿನ ಹುಡುಕಲು ಕೂತರೆ ತಪ್ಪುವುದು ಖಚಿತ.

ಅರ್ಜಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ಆನ್‌ಲೈನ್ ವೇದಿಕೆಯಲ್ಲಿ. ಪ್ರಮಾಣಪತ್ರದ ಇನ್‌ವಾಯ್ಸ್ ಸಂಖ್ಯೆ, ತೂಕ, ಪೊಟ್ಟಣಗಳ ಎಣಿಕೆ, ಸರಕಿನ ವಿವರಣೆ ಇವೆಲ್ಲ ಬಿಲ್ ಆಫ್ ಲೇಡಿಂಗಿಗೆ (ಹಡಗು ಕಂಪನಿ ಕೊಡುವ ಸರಕಿನ ರಸೀದಿ) ಅಕ್ಷರಶಃ ಹೊಂದಬೇಕು. ಚಿಲಿಯ ಕಸ್ಟಮ್ಸ್ ಏಜೆಂಟರಿಗೆ "ಮುಕ್ತ ವ್ಯಾಪಾರ ಒಪ್ಪಂದ" ಎಂದು ಬರೆದರೆ ಗೊಂದಲವಾಗುತ್ತದೆ. ಅವರ ಲೆಕ್ಕದಲ್ಲಿ ಭಾರತದ್ದು "ಆಕುಎರ್ದೊ ದೆ ಆಲ್ಕಾನ್ಸೆ ಪಾರ್ಸಿಯಾಲ್", ಸೀಮಿತ ವ್ಯಾಪ್ತಿಯ ಒಪ್ಪಂದ. ಆ ಹೆಸರಲ್ಲೇ ಕೇಳಿ.

ಇನ್ನೊಂದು ಸೂಕ್ಷ್ಮ. ಎಚ್‌ಎಸ್ ಪಟ್ಟಿ 2017ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ ಬದಲಾಗಿದೆ. ಒಪ್ಪಂದದ ಪಟ್ಟಿ ಅದಕ್ಕಿಂತ ಹಳೆಯ ಕೋಡಿನಲ್ಲಿದೆ. ಮೊದಲ ಆರು ಅಂಕಿ ಎರಡೂ ದೇಶಕ್ಕೆ ಸಮಾನ, ಏಳು ಮತ್ತು ಎಂಟನೆಯದು ಅವರವರ ಸ್ವಂತ. ಭಾರತದ ಎಂಟಂಕಿ ಕೋಡನ್ನು ಚಿಲಿಯ ಪಟ್ಟಿಯಲ್ಲಿ ಹುಡುಕಿ "ನಮ್ಮ ಸರಕು ಇಲ್ಲ" ಎಂದು ಕೈಬಿಟ್ಟವರೂ ಉಂಟು, "ಇದೆ" ಎಂದು ಹಿಗ್ಗಿ ಆಮೇಲೆ ಪೂರ್ತಿ ಸುಂಕ ಕಟ್ಟಿದವರೂ ಉಂಟು.

7 · ಗೋಣಿತಾಟು

ಬಂಕಣ್ಣ ಹೇಳಿದ್ದು ಕಾಗದದ ಮಾತು. ಅಲ್ಲಿಯ ಬಂದರಿನಲ್ಲಿ ಸರಕು ನಿಲ್ಲುವುದು ಬಹುಮಟ್ಟಿಗೆ ಇವುಗಳಿಂದ:

ಮರದ ಪ್ಯಾಲೆಟ್. ಐಎಸ್‌ಪಿಎಂ-15 ಮುದ್ರೆ (ಮರದೊಳಗಿನ ಕೀಟ ಸಾಯುವಂತೆ ಸಂಸ್ಕರಿಸಿದ ಗುರುತು) ಇಲ್ಲದ, ಮಾಸಿದ, ಅಥವಾ ರಿಪೇರಿಗೆ ಹಾಕಿದ ಹೊಸ ಹಲಗೆಗೆ ಮುದ್ರೆ ಇಲ್ಲದ ಪ್ಯಾಲೆಟ್ ಸಿಕ್ಕಿದರೆ ಚಿಲಿಯ ಕೃಷಿ ಸೇವಾ ಸಂಸ್ಥೆ, ಅಂದರೆ ಎಸ್‌ಎಜಿ, ಬಿಡುವುದಿಲ್ಲ. ಮರುಭೂಮಿ, ಆಂಡಿಸ್, ಸಾಗರ ಮೂರೂ ಸೇರಿ ಆ ದೇಶವನ್ನು ಕೀಟಗಳಿಂದ ಬೇಲಿ ಹಾಕಿದಂತೆ ಕಾಪಾಡಿವೆ. ಅವರ ಹಣ್ಣಿನ ರಫ್ತು ನಿಂತಿರುವುದೇ ಆ ಬೇಲಿಯ ಮೇಲೆ, ಹಾಗಾಗಿ ಅಲ್ಲಿ ಸಲಿಗೆ ಇಲ್ಲ. ತೊಗಟೆ ಅಂಟಿಕೊಂಡಿರುವ ಹಲಗೆ ಹಾಕಲೇಬೇಡಿ. ಪ್ಲಾಸ್ಟಿಕ್ ಅಥವಾ ಪ್ಲೈವುಡ್ ಪ್ಯಾಲೆಟ್ ಆದರೆ ಈ ತಲೆನೋವೇ ಇಲ್ಲ.

ಆರ್‌ಯುಟಿ. ಅಲ್ಲಿಯ ತೆರಿಗೆ ಗುರುತಿನ ಸಂಖ್ಯೆ. ಬಿಲ್ ಆಫ್ ಲೇಡಿಂಗಿನಲ್ಲಿ ಸರಕು ಪಡೆಯುವವರ ಆರ್‌ಯುಟಿ ಬೇಕು. ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಂದು ತಾಳೆ ಅಂಕಿ ಇರುತ್ತದೆ, ಕೆಲವೊಮ್ಮೆ ಅಂಕಿಯ ಬದಲು ಕೆ ಅಕ್ಷರ. ಅದು ಟೈಪಿಂಗ್ ತಪ್ಪೆಂದುಕೊಂಡು ಇಲ್ಲಿಯ ಗುಮಾಸ್ತರು ಅಳಿಸಿಬಿಡುತ್ತಾರೆ. ಅಳಿಸಬೇಡಿ.

ಲೇಬಲ್. ಆಹಾರ ಪದಾರ್ಥಕ್ಕೆ ಸ್ಪ್ಯಾನಿಷ್ ಲೇಬಲ್ ಬೇಕು. 2016ರಿಂದ ಸಕ್ಕರೆ, ಸೋಡಿಯಂ, ಸ್ಯಾಚುರೇಟೆಡ್ ಕೊಬ್ಬು, ಕ್ಯಾಲೊರಿ ಮಿತಿ ಮೀರಿದರೆ ಒಂದೊಂದಕ್ಕೂ ಒಂದೊಂದು ಕಪ್ಪು ಅಷ್ಟಕೋನ ಚಿಹ್ನೆ ಪೊಟ್ಟಣದ ಮುಂಭಾಗದಲ್ಲೇ. ನಮ್ಮ ಖಾರ, ಉಪ್ಪಿನಕಾಯಿ, ಕುರುಕಲಿಗೆ ಎರಡು ಮೂರು ಚಿಹ್ನೆ ಬೀಳುವುದು ಸಹಜ. ಹೊರಡುವ ಮೊದಲೇ ಅಂಟಿಸಿ.

ಬಾಕಿಯದನ್ನೆಲ್ಲ ಅಲ್ಲಿ ಹೋಗಿ ಹೇಳಿಕೊಳ್ಳೋಣ ಅಂದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆಯೇ. ಬಂಕಣ್ಣ ಬೇಜಾರಾಗಬಾರದು.

8 · ಸುಂಕದ ಬಂಕಣ್ಣ

ಹೆಸರಿಟ್ಟುಕೊಂಡ ಮೇಲೆ ಆ ಗಾದೆ ಕೇಳಲೇಬೇಕು, ಬೇಜಾರೇನಿಲ್ಲ.

ಆಮದಿನ ಕಡೆಯದನ್ನೂ ಸೇರಿಸುತ್ತೇನೆ. ಚಿಲಿಯಿಂದ ತರಿಸುವವರಿಗೆ 2020ರ ಸೆಪ್ಟೆಂಬರ್ 21ರಿಂದ ಕ್ಯಾರೊಟಾರ್ ಎಂಬ ಭಾರತದ ಕಸ್ಟಮ್ಸ್ ನಿಯಮ ಅನ್ವಯಿಸುತ್ತದೆ. ಪ್ರಮಾಣಪತ್ರ ಕೈಯಲ್ಲಿದೆ ಎಂದರೆ ಸಾಲದು. ಸರಕು ಅಲ್ಲೇ ಹೇಗೆ ತಯಾರಾಯಿತು, ಯಾವ ನಿಯಮದಡಿ "ಚಿಲಿಯದು" ಆಯಿತು ಎಂಬ ಮಾಹಿತಿ ಆಮದುದಾರನ ಹತ್ತಿರ ಫಾರ್ಮ್ 1ರ ರೂಪದಲ್ಲಿ ಇರಬೇಕು, ಐದು ವರ್ಷ ಇಟ್ಟುಕೊಂಡಿರಬೇಕು. ಹಣ್ಣು, ಅದಿರಿಗೆ ಇದು ಸುಲಭ, ಅಲ್ಲೇ ಬೆಳೆದದ್ದು, ಅಲ್ಲೇ ಅಗೆದದ್ದು. ರಾಸಾಯನಿಕ, ಯಂತ್ರಗಳಿಗೆ ಮಾರುವವನಿಂದ ಮೊದಲೇ ಬರೆಸಿಕೊಳ್ಳಿ. ಸರಕು ಬಂದ ಮೇಲೆ ಕೇಳಿದರೆ "ವ್ಯಾಪಾರ ರಹಸ್ಯ" ಎಂಬ ಉತ್ತರ ಬರುತ್ತದೆ, ಸುಂಕಕ್ಕೆ ಬ್ಯಾಂಕ್ ಗ್ಯಾರಂಟಿ ನೀವು ಕೊಡಬೇಕಾಗುತ್ತದೆ.

9 · ಹಗೇವು

ಹಣ್ಣಿನ ವಿಷಯದಲ್ಲಿ ಚಿಲಿಯ ಬಂಡವಾಳ ಋತು. ಅಲ್ಲಿ ಸೇಬು ಕೊಯ್ಲು ಫೆಬ್ರವರಿಯಲ್ಲಿ ಗಾಲಾ ತಳಿಯಿಂದ ಶುರು. ಹಡಗಿನ ಒಂದೂವರೆ ತಿಂಗಳು ಸೇರಿಸಿದರೆ ಭಾರತಕ್ಕೆ ಬರುವುದು ಏಪ್ರಿಲ್ ಮೇಲೆ. ಆಗ ಕಾಶ್ಮೀರ, ಹಿಮಾಚಲದ ಮರಗಳಲ್ಲಿ ಕಾಯಿ ಇನ್ನೂ ಎಳಸು. ಅಕ್ರೋಟಿನದೂ ಇದೇ ಲೆಕ್ಕ: ಕೊಯ್ಲು ಮಾರ್ಚ್‌ನಿಂದ ಮೇ, ಕಾಶ್ಮೀರದ ಬೆಳೆ ಬರುವ ಸೆಪ್ಟೆಂಬರಿಗೆ ಮುಂಚೆ ಇಲ್ಲಿ ಇಳಿದಿರುತ್ತದೆ, ದೀಪಾವಳಿಯ ಖರೀದಿಗೆ ಸಿದ್ಧ. ಬರುವುದು ಬಹುಪಾಲು ಸಿಪ್ಪೆ ಸಮೇತ, ಚಾಂಡ್ಲರ್ ಮತ್ತು ಸೆರ್ ತಳಿಗಳು. ಮಾತಾಡುವುದು ಮಿಲಿಮೀಟರಿನಲ್ಲಿ: 30-32, 32-34, 34-36. ದಪ್ಪ ಹೆಚ್ಚಾದಷ್ಟೂ ದರ ಹೆಚ್ಚು, ಆದರೆ ತಿರುಳಿನ ಬಣ್ಣ ಕಪ್ಪಿಟ್ಟಿದ್ದರೆ ದಪ್ಪಕ್ಕೆ ಬೆಲೆಯಿಲ್ಲ. ಅದಕ್ಕೇ ಕರಾರಿನಲ್ಲಿ ಅಳತೆಯ ಜೊತೆಗೆ ತಿಳಿ ಬಣ್ಣದ ತಿರುಳು ನೂರಕ್ಕೆ ಎಷ್ಟು ಎಂದೂ ಬರೆಸಬೇಕು.

ಸೇಬಿಗೆ ಮೂಲ ಸುಂಕ ಶೇ 50. ಅದರ ಜೊತೆಗೆ 2023ರ ಮೇ ತಿಂಗಳಲ್ಲಿ ಇನ್ನೊಂದು ಬೇಲಿ ಬಂತು: ಸಿಐಎಫ್ ಬೆಲೆ ಕಿಲೋಗೆ 50 ರೂಪಾಯಿ ಮೀರದಿದ್ದರೆ ಆಮದಿಗೇ ನಿಷೇಧ. ಅಂದರೆ ಸುಂಕ ಇಳಿಸಿದರೂ ಅಗ್ಗದ ಸೇಬು ಒಳಗೆ ಬರುವುದಿಲ್ಲ. ಸೆಪಾದಲ್ಲಿ ಹಣ್ಣಿನ ಅಧ್ಯಾಯ ಓದುವಾಗ ಸುಂಕದ ಶೇಕಡಾವಾರಿನ ಜೊತೆಗೆ ಕನಿಷ್ಠ ಬೆಲೆ, ತಿಂಗಳುಗಳ ಮಿತಿ, ಟನ್ನುಗಳ ಮಿತಿ ಇವನ್ನು ನೋಡಿ. ನಿಜವಾದ ಬಾಗಿಲು ಅಲ್ಲಿರುತ್ತದೆ.

ಕಾಗದಗಳು: ಸಸ್ಯ ಸಂಗರೋಧದ ಆಮದು ಪರವಾನಗಿ, ಎಸ್‌ಎಜಿಯ ಫೈಟೋ ಪ್ರಮಾಣಪತ್ರ, ಅಂದರೆ ಕೀಟ ರೋಗ ಇಲ್ಲವೆಂಬ ಕಾಗದ. ಜೊತೆಗೆ 2021ರ ಮಾರ್ಚ್‌ನಿಂದ ಸೇಬು, ಪ್ಲಮ್ ಸೇರಿ 24 ಬೆಳೆಗಳಿಗೆ ಕುಲಾಂತರಿ ಅಲ್ಲ ಎಂಬ ಪ್ರಮಾಣಪತ್ರ. ಫೈಟೋದಲ್ಲಿ ಹೆಚ್ಚುವರಿ ಘೋಷಣೆಯ ವಾಕ್ಯ ಪರವಾನಗಿಯಲ್ಲಿ ಇರುವಂತೆಯೇ ಇರಬೇಕು, ಅರ್ಥ ಒಂದೇ ಆದರೆ ಸಾಲದು.

ಒಂದೇ ರೀಫರಿನಲ್ಲಿ, ಅಂದರೆ ತಣ್ಣಗಿಡುವ ಕಂಟೇನರಿನಲ್ಲಿ, ಸೇಬು ಮತ್ತು ಕಿವಿ ಸೇರಿಸಿ ಬಾಡಿಗೆ ಉಳಿಸುವ ಉಪಾಯ ಆಗಾಗ ಕೇಳಿಬರುತ್ತದೆ. ಬೇಡ. ಸೇಬು ಎಥಿಲೀನ್ ಎಂಬ ಹಣ್ಣು ಮಾಗಿಸುವ ಅನಿಲ ಬಿಡುತ್ತದೆ, ಕಿವಿಗೆ ಅದು ಒಂಚೂರು ತಾಗಿದರೂ ಮೆತ್ತಗಾಗಲು ಶುರು. ಐವತ್ತು ದಿನದಲ್ಲಿ ಬರುವುದು ಹಣ್ಣಲ್ಲ, ಜಾಮು.

10 · ಲಂಗರು

ಈಗ ತಾಮ್ರ. ಭಾರತ ಚಿಲಿಯಿಂದ ಕೊಳ್ಳುವುದರಲ್ಲಿ ಸಿಂಹಪಾಲು ತಾಮ್ರದ ಕಾನ್ಸಂಟ್ರೇಟ್, ಅಂದರೆ ಅದಿರನ್ನು ಅರೆದು ತೇಲಿಸಿ ತೆಗೆದ, ಶೇ 25ರಿಂದ 30 ತಾಮ್ರವಿರುವ ಕಪ್ಪು ಪುಡಿ. ತೂತ್ತುಕುಡಿಯ ಸ್ಮೆಲ್ಟರ್, ಅಂದರೆ ತಾಮ್ರ ಕರಗಿಸುವ ಕಾರ್ಖಾನೆ, 2018ರಲ್ಲಿ ಮುಚ್ಚಿದ ಮೇಲೆ ಭಾರತ ಶುದ್ಧ ತಾಮ್ರವನ್ನು ರಫ್ತು ಮಾಡುವ ದೇಶದಿಂದ ಕೊಳ್ಳುವ ದೇಶವಾಯಿತು. ಈಗ ದಹೇಜ್‌ನ ಹಿಂಡಾಲ್ಕೊ, 2024ರಲ್ಲಿ ಶುರುವಾದ ಮುಂದ್ರಾದ ಹೊಸ ಸ್ಮೆಲ್ಟರ್ ಎರಡಕ್ಕೂ ಹೊರಗಿನ ಪುಡಿಯೇ ಆಹಾರ.

10,000 ಟನ್ ಹಸಿ ಪುಡಿಯ ಲೆಕ್ಕ ನೋಡಿ. ತೇವ ಶೇ 8.5 ಆದರೆ ಒಣ ತೂಕ 9,150 ಟನ್. ತಾಮ್ರ ಶೇ 28. ರೂಢಿಯ ಕರಾರಿನಲ್ಲಿ ಆ ತಾಮ್ರದ ಶೇ 96.5ಕ್ಕೆ ಹಣ, ಆದರೆ ಕಡಿತ ಕನಿಷ್ಠ ಒಂದು ಯೂನಿಟ್ (28 ಇದ್ದದ್ದು 27 ಆಗುವಷ್ಟು) ಇರಲೇಬೇಕು. 28ರ ಶೇ 96.5 ಎಂದರೆ 27.02, ಒಂದು ಯೂನಿಟ್ ಕಳೆದರೆ 27. ಕಡಿಮೆಯದೇ ನಿಲ್ಲುತ್ತದೆ: 27. ಹಣ ಕೊಡಬೇಕಾದ ತಾಮ್ರ 2,470.5 ಟನ್. ಟನ್ನಿಗೆ 9,000 ಡಾಲರ್ ಎಂದಿಟ್ಟುಕೊಂಡರೆ 2,22,34,500 ಡಾಲರ್.

ಇದರಲ್ಲಿ ಸ್ಮೆಲ್ಟರ್ ತನ್ನ ಸಂಸ್ಕರಣಾ ಶುಲ್ಕ ಮುರಿದುಕೊಳ್ಳುತ್ತದೆ. 2024ರ ಮಾನದಂಡ ಒಣ ಟನ್ನಿಗೆ 80 ಡಾಲರ್, ತಾಮ್ರದ ಪೌಂಡಿಗೆ 8 ಸೆಂಟ್. ಮೇಲಿನ ಸರಕಿಗೆ 7,32,000 ಮತ್ತು 4,35,721, ಒಟ್ಟು 11.68 ಲಕ್ಷ ಡಾಲರ್. 2025ಕ್ಕೆ ಚಿಲಿಯ ಆಂಟೊಫಗಾಸ್ಟಾ ಮತ್ತು ಚೀನಾದ ಜಿಯಾಂಗ್‌ಶಿ ಕಾಪರ್ ಒಪ್ಪಿಕೊಂಡದ್ದು 21.25 ಡಾಲರ್ ಮತ್ತು 2.125 ಸೆಂಟ್. ಅದೇ ಸರಕಿಗೆ 3.10 ಲಕ್ಷ. ಒಂದೇ ವರ್ಷದಲ್ಲಿ 8.58 ಲಕ್ಷ ಡಾಲರ್ ಸ್ಮೆಲ್ಟರಿನ ಕೈಯಿಂದ ಗಣಿಯ ಕೈಗೆ ಹೋಯಿತು. ಕಾರಣ ಸರಳ: ಕರಗಿಸುವ ಕುಲುಮೆಗಳು ಹೆಚ್ಚಾದವು, ಪುಡಿ ಕಡಿಮೆಯಾಯಿತು. 2023ರ ಕೊನೆಗೆ ಪನಾಮಾದ ದೊಡ್ಡ ಗಣಿಯೂ ನಿಂತಿತು.

ಇದೇ ಸರಕಿಗೆ ಒಂದು ಶೇಕಡಾ ಸುಂಕ ಎಂದರೆ ಸುಮಾರು 2.22 ಲಕ್ಷ ಡಾಲರ್. ಆ ಶುಲ್ಕದ ಕುಸಿತ ಹೆಚ್ಚುಕಡಿಮೆ ಶೇ 4 ಸುಂಕಕ್ಕೆ ಸಮ. ಎರಡು ಸರ್ಕಾರ ಕೂತು ಇಳಿಸುವ ಸುಂಕಕ್ಕಿಂತ ಇಬ್ಬರು ವ್ಯಾಪಾರಿಗಳು ಕೂತು ನಿಗದಿ ಮಾಡಿದ ಶುಲ್ಕ ಭಾರವಾಗಿದೆ ಎಂದು ನಾನು ಹೇಳುವುದು ಇದಕ್ಕೇ.

11 · ಕಪ್ಪೆಚಿಪ್ಪು

ತೇವದ ಅಳತೆ ಶೇ 0.3 ಆಚೀಚೆ ಆದರೆ?

12 · ಲಂಗರು

10,000 ಟನ್ನಿಗೆ 30 ಒಣ ಟನ್, ಅದರಲ್ಲಿ 8.1 ಟನ್ ತಾಮ್ರ, 72,900 ಡಾಲರ್. ಅದಕ್ಕೇ ಎರಡೂ ಕಡೆಯ ಪ್ರತಿನಿಧಿಗಳು ಮಾದರಿ ತೆಗೆಯುವಾಗ ನಿಂತಿರುತ್ತಾರೆ. ಮಾದರಿಯನ್ನು ಮೊಹರು ಹಾಕಿ ಪಾಲು ಮಾಡುತ್ತಾರೆ: ಮಾರುವವನಿಗೊಂದು, ಕೊಳ್ಳುವವನಿಗೊಂದು, ತಕರಾರಾದರೆ ಮೂರನೇ ಪ್ರಯೋಗಾಲಯಕ್ಕೊಂದು.

ತೇವ ಹಣದ ಪ್ರಶ್ನೆ ಮಾತ್ರ ಅಲ್ಲ. ಸಮುದ್ರದ ಅಲುಗಾಟಕ್ಕೆ ಈ ಪುಡಿ ಕೆಸರಾಗಿ ಒಂದೇ ಬದಿಗೆ ಸರಿದರೆ ಹಡಗೇ ಮಗುಚುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಇದು ಎ ಗುಂಪಿನ ಸರಕು. ಪುಡಿ ಹರಿಯಲು ಶುರುವಾಗುವ ತೇವ ಎಷ್ಟೋ ಅದರ ಶೇ 90ನ್ನು ಸಾಗಣೆಯ ಮಿತಿ ಎಂದು ಇಟ್ಟಿದ್ದಾರೆ. ಮಿತಿಯ ಪರೀಕ್ಷೆ ಆರು ತಿಂಗಳೊಳಗಿನದು, ತೇವದ ಪರೀಕ್ಷೆ ಹಡಗು ತುಂಬುವ ಮುಂಚಿನ ಏಳು ದಿನದೊಳಗಿನದು ಇರಬೇಕು.

ಕ್ಯಾಪ್ಟನ್ ಡೆಕ್ಕಿನ ಮೇಲೇ ಮಾಡುವ ಡಬ್ಬಿ ಪರೀಕ್ಷೆ ಒಂದಿದೆ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಯುವ ಡಬ್ಬಿಯಲ್ಲಿ ಅರ್ಧದಷ್ಟು ಪುಡಿ ತುಂಬಿ, ಗೇಣೆತ್ತರದಿಂದ, ಅಂದರೆ 20 ಸೆಂ.ಮೀ. ಮೇಲಿಂದ, ಗಟ್ಟಿ ನೆಲಕ್ಕೆ ಜೋರಾಗಿ ಕುಕ್ಕುವುದು. ಒಂದೆರಡು ಸೆಕೆಂಡಿಗೊಮ್ಮೆ, 25 ಸಲ. ಮೇಲ್ಮೈಯಲ್ಲಿ ನೀರು ಮಿನುಗಿದರೆ ಅಥವಾ ಪುಡಿ ಹಿಟ್ಟಿನ ಸರಿಯಂತೆ ಅಲುಗಿದರೆ ತುಂಬುವುದನ್ನು ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ನೀರು ಕಾಣಲಿಲ್ಲ ಎಂದರೆ ಸುರಕ್ಷಿತ ಎಂದು ಅರ್ಥವಲ್ಲ, ಇದನ್ನು ಬಹಳ ಜನ ತಿರುವುಮುರುವಾಗಿ ತಿಳಿಯುತ್ತಾರೆ. ಹಾಗಂತ ತೀರಾ ಒಣಗಿಸಿದರೆ ಗಾಳಿಗೆ ಧೂಳೆದ್ದು ತಾಮ್ರ ಹಾರಿಹೋಗುತ್ತದೆ.

13 · ಉಪ್ಪುಕಾಗದ

ಎಲ್ಲರೂ ತಾಮ್ರ ತಾಮ್ರ ಅಂತೀರಿ. ಭಾರತದ ಪ್ರತಿ ಅಡುಗೆಮನೆಗೂ ಮುಟ್ಟಬಲ್ಲ ಚಿಲಿಯ ಸರಕು ಅಯೋಡಿನ್. ಅಟಕಾಮ ಮರುಭೂಮಿಯ ಕಲೀಚೆ ಎಂಬ ಮಣ್ಣಿನಿಂದ ತೆಗೆಯುತ್ತಾರೆ. ಲೋಕದ ಅಯೋಡಿನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಿಲಿಯದೇ, ಅದರ ನಂತರ ಜಪಾನ್.

ಭಾರತದಲ್ಲಿ ಅದನ್ನು ಪೊಟ್ಯಾಸಿಯಂ ಅಯೋಡೇಟ್ ಮಾಡಿ ಉಪ್ಪಿಗೆ ಸೇರಿಸುತ್ತಾರೆ. ತಯಾರಿಕೆಯ ಹಂತದಲ್ಲಿ ದಶಲಕ್ಷಕ್ಕೆ 30 ಭಾಗ ಎಂದಿಟ್ಟುಕೊಂಡರೆ ಒಂದು ಟನ್ ಉಪ್ಪಿಗೆ 30 ಗ್ರಾಂ ಅಯೋಡಿನ್. ಅಯೋಡೇಟಿನಲ್ಲಿ ಅಯೋಡಿನ್ ಶೇ 59.3, ಹಾಗಾಗಿ ಟನ್ನಿಗೆ ಸುಮಾರು 50.6 ಗ್ರಾಂ ಅಯೋಡೇಟ್. ಒಂದು ಹಿಡಿಯೂ ಅಲ್ಲ. ಅಯೋಡಿನ್ ದರ ಎರಡರಷ್ಟಾದರೂ ಉಪ್ಪಿನ ಪೊಟ್ಟಣದ ಬೆಲೆ ಅಲುಗುವುದಿಲ್ಲ. ಆದರೆ ಎಕ್ಸ್‌ರೇ, ಸಿಟಿ ಸ್ಕ್ಯಾನಿಗೆ ಬಳಸುವ ಕಾಂಟ್ರಾಸ್ಟ್ ಔಷಧಿ ಮಾಡುವವರಿಗೆ ಚುರುಕು ಮುಟ್ಟುತ್ತದೆ.

ಸಾಗಣೆಯಲ್ಲಿ ಇದು ಅಪಾಯಕಾರಿ ಸರಕು: ಯುಎನ್ 3495, ವರ್ಗ 8 (ಲೋಹ, ಚರ್ಮ ತಿನ್ನುವಂಥದ್ದು), ಉಪ ಅಪಾಯ 6.1 (ವಿಷ). ಘನವಸ್ತುವಾಗಿದ್ದೂ ನೇರ ಆವಿಯಾಗುವ ಗುಣ ಇದಕ್ಕಿದೆ. ಡ್ರಮ್ಮಿನ ಒಳಚೀಲದ ಬಾಯಿ ಸರಿಯಾಗಿ ಕಟ್ಟದಿದ್ದರೆ ನೇರಳೆ ಆವಿ ಕಂಟೇನರಿನ ಉಕ್ಕನ್ನೇ ತಿನ್ನುತ್ತದೆ, ಪಕ್ಕದ ಸರಕೂ ಹಾಳು.

14 · ದೂರದರ್ಶಕ

ಲಿಥಿಯಂ ಬಗ್ಗೆ ಒಂದು ಭ್ರಮೆ ಬಿಡಿಸಬೇಕು. "ಸೆಪಾ ಆದರೆ ಭಾರತಕ್ಕೆ ಲಿಥಿಯಂ ಗಣಿ ಸಿಗುತ್ತದೆ" ಎನ್ನುವುದು ತಪ್ಪು. ವ್ಯಾಪಾರ ಒಪ್ಪಂದ ಕೊಡುವುದು ಸುಂಕ ವಿನಾಯಿತಿ, ಹೂಡಿಕೆಗೆ ರಕ್ಷಣೆ. ಅಗೆಯುವ ಹಕ್ಕು ಕೊಡುವುದು ಚಿಲಿಯ ಸ್ವಂತ ಕಾನೂನು. ಅಲ್ಲಿ ತಾಮ್ರಕ್ಕೆ ಖಾಸಗಿಯವರಿಗೂ ಗಣಿ ಹಕ್ಕು ಸಿಗುತ್ತದೆ. ಲಿಥಿಯಂ ಮಾತ್ರ 1979ರಿಂದ ಸರ್ಕಾರಕ್ಕೆ ಮೀಸಲು. ಅಟಕಾಮ ಉಪ್ಪುಮೈದಾನದಲ್ಲಿ ಎಸ್‌ಕ್ಯುಎಂ ಮತ್ತು ಆಲ್ಬೆಮಾರ್ಲ್ ಕಂಪನಿಗಳು ಕೆಲಸ ಮಾಡುತ್ತ ಬಂದದ್ದೂ ಕೊರ್ಫೊ ಎಂಬ ಸರ್ಕಾರಿ ಸಂಸ್ಥೆಯ ಗುತ್ತಿಗೆಯ ಮೇಲೆ. 2023ರ ಏಪ್ರಿಲಿನಲ್ಲಿ ಆಗಿನ ಅಧ್ಯಕ್ಷ ಬೋರಿಕ್ ಪ್ರಕಟಿಸಿದ ನೀತಿಯೂ ಸರ್ಕಾರದ ಪಾಲನ್ನು ಗಟ್ಟಿ ಮಾಡಿತು.

ಪಕ್ಕದ ಅರ್ಜೆಂಟೀನಾದಲ್ಲಿ ಖನಿಜ ಪ್ರಾಂತ್ಯಗಳ ಸ್ವತ್ತು. ಅದಕ್ಕೇ ಭಾರತದ ಸರ್ಕಾರಿ ಕಂಪನಿ ಕಾಬಿಲ್ 2024ರ ಜನವರಿಯಲ್ಲಿ ಕಟಾಮಾರ್ಕಾ ಪ್ರಾಂತ್ಯದ ಸಂಸ್ಥೆಯ ಜೊತೆ ಐದು ಬ್ಲಾಕಿಗೆ ಸಹಿ ಹಾಕಲು ಸಾಧ್ಯವಾಯಿತು. ಚಿಲಿಯಲ್ಲಿ ಭಾರತಕ್ಕೆ ಹತ್ತಿರದ ದಾರಿ ದೀರ್ಘಾವಧಿಯ ಖರೀದಿ ಕರಾರು. ಉಪ್ಪುನೀರನ್ನು ಕೊಳಗಳಲ್ಲಿ ಬಿಸಿಲಿಗೆ ಆವಿ ಮಾಡಲೇ ವರ್ಷದ ಮೇಲಾಗುತ್ತದೆ, ಹಾಗಾಗಿ "ಈ ತಿಂಗಳು ಜಾಸ್ತಿ ಕೊಡಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ರಾಜತಾಂತ್ರಿಕವಾಗಿ ಇಬ್ಬರ ನಡುವೆ ಜಗಳವೇ ಇಲ್ಲ. ಸಂಬಂಧ 1949ರಿಂದ, ವ್ಯಾಪಾರ ಒಪ್ಪಂದ 1956ರಷ್ಟು ಹಿಂದಿನದು. ಇಂದಿರಾ ಗಾಂಧಿ 1968ರಲ್ಲಿ ಹೋಗಿದ್ದರು. ಚಿಲಿಯ ಅಧ್ಯಕ್ಷರಾಗಿದ್ದ ಲಾಗೋಸ್ 2005ರಲ್ಲಿ, ಬಾಚೆಲೆಟ್ 2009ರಲ್ಲಿ ಬಂದರು, ಪ್ರತಿಭಾ ಪಾಟೀಲ್ 2008ರಲ್ಲಿ, ಕೋವಿಂದ್ 2019ರಲ್ಲಿ ಹೋದರು, ಬೋರಿಕ್ 2025ರ ಏಪ್ರಿಲಿನಲ್ಲಿ ಬಂದರು. ಭದ್ರತಾ ಮಂಡಳಿಯ ಕಾಯಂ ಸ್ಥಾನಕ್ಕೂ ಚಿಲಿಯ ಬೆಂಬಲವಿದೆ. ಇಷ್ಟು ಸ್ನೇಹವಿದ್ದೂ ವ್ಯಾಪಾರ ತಾಮ್ರದ ಆಚೆ ಹೆಚ್ಚು ಹರಡಲಿಲ್ಲ ಎಂದರೆ ಕೊರತೆ ಸ್ನೇಹದ್ದಲ್ಲ, ಗೋಣಿತಾಟು ಬರೆದಂಥ ಚಿಲ್ಲರೆ ಕಾಗದಪತ್ರದ್ದು ಎಂದೇ ನನ್ನ ಅಂದಾಜು. ಸದ್ದಿಲ್ಲದೆ ನೆರವಾದದ್ದು ಇನ್ನೊಂದು: ಎರಡು ಬಾರಿ ತೆರಿಗೆ ಬೀಳದಂತೆ 2020ರಲ್ಲಿ ಸಹಿಯಾದ ಒಪ್ಪಂದ 2022ರ ಅಕ್ಟೋಬರ್ 19ಕ್ಕೆ ಜಾರಿಯಾಯಿತು. ಸಾಫ್ಟ್‌ವೇರ್, ತಾಂತ್ರಿಕ ಸೇವೆ ಮಾರುವವರಿಗೆ ಶೇ 6ರ ರಿಯಾಯಿತಿಗಿಂತ ಅದೇ ಮುಖ್ಯ.

15 · ಗೋಣಿತಾಟು

ಒಂದು ಸಣ್ಣ ಸೇರ್ಪಡೆ. ಸರಕಿನ ಕೊನೆಯ ಊರು ಬೊಲಿವಿಯಾ ಆಗಿದ್ದರೆ ಚಿಲಿಯ ಸುಂಕದ ಪ್ರಶ್ನೆಯೇ ಏಳುವುದಿಲ್ಲ. 1904ರ ಒಪ್ಪಂದದಂತೆ ಅರಿಕಾ ಬಂದರಿನ ಮೂಲಕ ಅವರಿಗೆ ಮುಕ್ತ ಸಾಗಣೆ ಇದೆ. ಉತ್ತರ ಚಿಲಿಯ ಬಂದರು ನಗರ ಇಕೀಕೆಯ ಸೋಫ್ರಿ ಎಂಬ ಮುಕ್ತ ವಲಯವೂ 1975ರಿಂದ ಇದೆ, ಅಲ್ಲಿ ಸಿಂಧಿ ವ್ಯಾಪಾರಿಗಳು ಚೆನ್ನಾಗಿ ನೆಲೆಯೂರಿದ್ದಾರೆ. ಆದರೆ ಮುಕ್ತ ವಲಯದಲ್ಲಿ ಬಿಚ್ಚಿ ಮರುಪ್ಯಾಕ್ ಮಾಡಿದ ಸರಕಿಗೆ ಆಮೇಲೆ ಸಾಂಟಿಯಾಗೊದಲ್ಲಿ ಭಾರತದ ಮೂಲ ತೋರಿಸಿ ರಿಯಾಯಿತಿ ಕೇಳುವುದು ಕಷ್ಟ. ಎಲ್ಲಿ ಮಾರುವುದು ಎಂದು ಮೊದಲೇ ತೀರ್ಮಾನಿಸಿ.

16 · ಕಪ್ಪೆಚಿಪ್ಪು

ಬಹಳ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಸೆಪಾ ಜಾರಿಯಾಗುವ ಹೊತ್ತಿಗೆ ಸರಕು ನಡುಸಮುದ್ರದಲ್ಲಿದ್ದರೆ ಯಾವ ಸುಂಕ?

17 · ಸುಂಕದ ಬಂಕಣ್ಣ

ಭಾರತಕ್ಕೆ ಬರುವ ಸರಕಿಗೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆ, ಸಲ್ಲಿಸಿದ ದಿನದ ದರ. ಹಡಗು ಬರುವ ಮುಂಚೆಯೇ ಸಲ್ಲಿಸಿದ್ದರೆ ಹಡಗಿಗೆ ಒಳಪ್ರವೇಶ ಸಿಕ್ಕ ದಿನದ ದರ. ಹೊರಟ ದಿನ ಲೆಕ್ಕಕ್ಕಿಲ್ಲ. ಐವತ್ತು ದಿನದ ಪಯಣದಲ್ಲಿ ದರ ಇಳಿಯಲೂಬಹುದು, ಏರಲೂಬಹುದು. ಆದರೆ ಹೊಸ ಒಪ್ಪಂದದ ರಿಯಾಯಿತಿಗೆ ಹೊಸ ನಮೂನೆಯ ಮೂಲ ಪ್ರಮಾಣಪತ್ರ ಬೇಕು, ಹಡಗು ಹೊರಟಾಗ ಆ ನಮೂನೆಯೇ ಹುಟ್ಟಿರುವುದಿಲ್ಲ. ದಾರಿಯಲ್ಲಿರುವ ಸರಕಿಗೆ ಎಂದು ಪ್ರತ್ಯೇಕ ಕಲಮು ಇದೆಯೇ, ಎಷ್ಟು ದಿನದೊಳಗೆ ಪ್ರಮಾಣಪತ್ರ ತಂದುಕೊಡಬೇಕು ಎಂದು ಒಪ್ಪಂದದ ಪಠ್ಯ ಬಂದ ದಿನವೇ ನೋಡಿ. ಈಗ ಬರೆಯುವ ಕರಾರಿನಲ್ಲಿ ಒಂದು ಸಾಲು ಸೇರಿಸಿ: ನಡುವೆ ಸುಂಕ ಬದಲಾದರೆ ಲಾಭ ನಷ್ಟ ಯಾರದು, ಮೂಲದ ಕಾಗದ ಒದಗಿಸುವ ಹೊಣೆ ಯಾರದು. ಪ್ಯಾಲೆಟ್ ಮುದ್ರೆಯ ಹೊಣೆಯನ್ನೂ ಅದೇ ಸಾಲಿಗೆ ತುರುಕಿದರೆ ಗೋಣಿತಾಟು ಅವರಿಗೂ ಸಮಾಧಾನ.